ಆರ್ಥರ್ ರಾಜನ ಆಸ್ಥಾನದಲ್ಲಿ ಒಬ್ಬ ಯಾಂಕಿ

ಗ್ರಹಣದ ಆ ಕತೆಯನ್ನು ನೀವು ಎಲ್ಲಿಯಾದರೂ ಕೇಳಿಯೇ ಇರುತ್ತೀರಿ. ಕಾಣದ ನಾಡಿನಲ್ಲಿ ಸೆರೆಸಿಕ್ಕ ಒಬ್ಬನನ್ನು ಸುಡುವುದಕ್ಕೆಂದು ಕಂಬಕ್ಕೆ ಕಟ್ಟಿದ್ದಾರೆ. ಸೂರ್ಯನನ್ನೇ ಆರಿಸಿಬಿಡುತ್ತೇನೆಂದು ಅವನು ಮೊದಲೇ ಬೆದರಿಕೆ ಹಾಕಿದ್ದಾನೆ. ಗ್ರಹಣ ಹಿಡಿಯುವುದೆಂದು ಅಲ್ಲಿ ಅವನೊಬ್ಬನಿಗೆ ಮಾತ್ರ ಗೊತ್ತು. ಸೂರ್ಯನ ಅಂಚು ಕಪ್ಪಾಗುತ್ತಲೇ ರಾಜನು ಅಂಗಲಾಚುತ್ತಾನೆ, ಸೆರೆಯಾಳು ಮಂತ್ರಿಯಾಗುತ್ತಾನೆ. ಅಷ್ಟೇ ಅಲ್ಲ, ತಾನು ಹೆಚ್ಚಿಸಿಕೊಟ್ಟ ರಾಜಾದಾಯದಲ್ಲಿ ನೂರಕ್ಕೆ ಒಂದು ಪಾಲು ತನಗೆ ಸಲ್ಲಬೇಕೆಂದು ಚೌಕಾಸಿಯನ್ನೂ ಮಾಡುತ್ತಾನೆ!

ಈ ಪ್ರಸಂಗ ಬರುವುದು ಮಾರ್ಕ್ ಟ್ವೇನ್ 1889ರಲ್ಲಿ ಪ್ರಕಟಿಸಿದ, ಆರ್ಥರ್ ರಾಜನ ಆಸ್ಥಾನಕ್ಕೆ ಹೋದ ಕನೆಕ್ಟಿಕಟ್ ಯಾಂಕಿಯ ಕಾದಂಬರಿಯಲ್ಲಿ. ಕಥಾನಾಯಕ ಹ್ಯಾಂಕ್ ಮಾರ್ಗನ್ ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿದ್ದ ಕೋಲ್ಟ್ ಬಂದೂಕು ಕಾರ್ಖಾನೆಯ ಮೇಸ್ತ್ರಿ. ಜಗಳವೊಂದರಲ್ಲಿ ತಲೆಗೆ ಹಾರೆಯ ಪೆಟ್ಟು ಬಿದ್ದು ಎಚ್ಚರ ತಪ್ಪುತ್ತದೆ. ಕಣ್ಣು ಬಿಟ್ಟರೆ ಒಂದು ಓಕ್ ಮರದ ಬುಡ, ಊರು ಇಂಗ್ಲೆಂಡಿನ ಕ್ಯಾಮೆಲಾಟ್, ಕಾಲ ಕ್ರಿ. ಶ. 528. (ಆ ವರ್ಷದ ಜೂನ್ 21ರಂದು ನಿಜವಾಗಿ ಅಂಥ ಗ್ರಹಣವೇನೂ ಹಿಡಿಯಲಿಲ್ಲ, ಅದು ಲೇಖಕನ ಕಲ್ಪನೆ.)

ಕಾಲವನ್ನು ದಾಟುವ ಕತೆ ನಮಗೆ ಹೊಸದಲ್ಲ. ಮಗಳು ರೇವತಿಗೆ ತಕ್ಕ ವರನಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋದ ಕಕುದ್ಮಿ ರಾಜ, ಅಲ್ಲಿ ಗಾನ ಮುಗಿಯುವವರೆಗೆ ಕಾದಿದ್ದು ಮರಳುವಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಕಳೆದಿದ್ದುವು. ಆದರೆ ಆತ ಹೋದದ್ದು ಮುಂದಿನ ಕಾಲಕ್ಕೆ. ಟ್ವೇನ್ ತನ್ನ ನಾಯಕನನ್ನು ಹಿಂದಿನ ಕಾಲಕ್ಕೆ ಕಳುಹಿಸಿದ. ಬರಿಗೈಯಲ್ಲಿ ಕಳುಹಿಸಿದರೂ ಒಂದು ಕಾರ್ಖಾನೆಯನ್ನೇ ಅವನ ತಲೆಯೊಳಗೆ ತುಂಬಿ ಕಳುಹಿಸಿದ.

ಪುಸ್ತಕದ ಮೊದಲರ್ಧವನ್ನು ನಗದೆ ಓದುವುದು ಕಷ್ಟ. ಉಕ್ಕಿನ ಕವಚ ತೊಟ್ಟು ಬಿಸಿಲಿನಲ್ಲಿ ಸವಾರಿ ಹೊರಟ ಹ್ಯಾಂಕನಿಗೆ ಮೈ ತುರಿಸುತ್ತದೆ, ಕೆರೆದುಕೊಳ್ಳುವಂತಿಲ್ಲ; ಕರವಸ್ತ್ರ ಬೇಕು, ಜೇಬಿಲ್ಲ. ತಾನೇ ಕವಚಧಾರಿಯಾಗಿ ಇಂಥ ಪಾಡು ಪಟ್ಟಂತೆ ಟ್ವೇನನಿಗೆ ಬಿದ್ದ ಒಂದು ಕನಸಿನಿಂದಲೇ ಕಾದಂಬರಿ ಮೊಳೆಯಿತು. ಮುಂದೆ ಮಹಾವೀರರು ಸಾಬೂನಿನ ಜಾಹೀರಾತು ಹೊತ್ತು ತಿರುಗುತ್ತಾರೆ. ಟೆಲಿಫೋನು, ಶಾಲೆ, ಪತ್ರಿಕೆ ಒಂದೊಂದಾಗಿ ಬರುತ್ತವೆ. ಓದುವ ನಾವೂ ಈ ಕಾಲದವರೇ ಆದ್ದರಿಂದ ಹ್ಯಾಂಕನ ಪಕ್ಷವನ್ನು ವಹಿಸಿ, ಆ ಹಳೆಯ ಜನರ ಮೌಢ್ಯಕ್ಕೆ ನಗುತ್ತೇವೆ.

ಈ ನಗು ಮೊದಲು ತಡವರಿಸುವುದು ಒಂದು ಗುಡಿಸಲಿನಲ್ಲಿ. ಪ್ರಜೆಗಳ ಬಾಳನ್ನು ಕಾಣಲೆಂದು ರಾಜನೂ ಹ್ಯಾಂಕನೂ ರೈತರ ವೇಷದಲ್ಲಿ ಹೊರಟಿರುತ್ತಾರೆ. ಒಂದು ಮನೆಯೊಳಗೆ ಸಿಡುಬು ಹೊಕ್ಕು ಸಾವಿನ ಮೇಲೆ ಸಾವಾಗಿದೆ. ಹೊರಟುಹೋಗಿ ಎಂದು ಹ್ಯಾಂಕ್ ಬೇಡಿಕೊಂಡರೂ ರಾಜನು ಒಪ್ಪುವುದಿಲ್ಲ. ಅಟ್ಟದ ಮೇಲೆ ಸಾಯುತ್ತಿರುವ ಹುಡುಗಿಯನ್ನು ಎದೆಗವಚಿಕೊಂಡು ಏಣಿಯಿಳಿದು ತಾಯಿಯ ಬಳಿಗೆ ತರುತ್ತಾನೆ. ಅಲ್ಲಿಯವರೆಗೆ ನಾವು ಪೆದ್ದನೆಂದು ಎಣಿಸಿದ್ದ ಮನುಷ್ಯ ಇವನೇ. ಇದೇ ರಾಜನನ್ನು ಮುಂದೆ ಗುಲಾಮರ ಸಂತೆಯಲ್ಲಿ ಏಳು ಡಾಲರಿಗೆ ಮಾರುತ್ತಾರೆ. ಹ್ಯಾಂಕನಿಗೆ ಸಿಕ್ಕುವ ಬೆಲೆ ಒಂಬತ್ತು. ಗುಲಾಮನಾದುದಕ್ಕಿಂತ ಬೆಲೆ ಕಡಮೆಯಾದುದೇ ರಾಜನ ಕೊರಗು!

ಪುಸ್ತಕ ಹೊರಬಂದಾಗ ಇಂಗ್ಲೆಂಡಿನಲ್ಲಿ ಹಲವರಿಗೆ ಸಿಟ್ಟು ಬಂದಿತು. ಟೆನಿಸನ್ ಕವಿಯ ಕಾವ್ಯದಿಂದ ಆರ್ಥರನ ಕತೆ ಅಲ್ಲಿ ಮನೆಮನೆಯ ಮಾತಾಗಿತ್ತು. ಚಿತ್ರಗಳನ್ನು ಬರೆದ ಡ್ಯಾನಿಯಲ್ ಬಿಯರ್ಡ್ ಕಪಟಿ ಮಾಂತ್ರಿಕ ಮರ್ಲಿನನಿಗೆ ಆ ಟೆನಿಸನ್ನನ ಮುಖವನ್ನೇ ಕೊಟ್ಟಿದ್ದ. ಅಮೆರಿಕದಲ್ಲಿ ಕಾದಂಬರಿಕಾರ ಹೋವೆಲ್ಸ್ ಪುಸ್ತಕವನ್ನು ಮನಸಾರೆ ಮೆಚ್ಚಿದ. ಹಳೆಯದನ್ನು ಹೀಗೆ ಹಾಸ್ಯ ಮಾಡಬಹುದೆ ಎಂಬುದು ಒಂದು ಪಕ್ಷದ ಪ್ರಶ್ನೆ, ಬಡವರ ಪರವಾಗಿ ಎಂಥ ಮಾತೆಂಬುದು ಇನ್ನೊಂದು ಪಕ್ಷದ ಹೊಗಳಿಕೆ. ಎರಡೂ ನ್ಯಾಯವೇ. ಆದರೆ ಕೊನೆಯ ಅಧ್ಯಾಯಗಳನ್ನು ಓದಿದವನ ಮನಸ್ಸಿನಲ್ಲಿ ನಿಲ್ಲುವುದು ಬೇರೆಯದೇ.

ಚರ್ಚಿನವರು ನಾಡಿಗೆ ಬಹಿಷ್ಕಾರ ಹಾಕುತ್ತಾರೆ. ದೀಪಗಳು ಆರುತ್ತವೆ. ಯಾರ ಬಿಡುಗಡೆಗಾಗಿ ಹ್ಯಾಂಕ್ ಇಷ್ಟೆಲ್ಲ ಮಾಡಿದನೋ ಆ ಜನರೇ ಎದುರುಪಕ್ಷಕ್ಕೆ ಸೇರುತ್ತಾರೆ. ಚಿಕ್ಕಂದಿನಿಂದ ಅವನ ಶಿಕ್ಷಣದಲ್ಲಿ ಬೆಳೆದ 52 ಹುಡುಗರು, ಕ್ಲಾರೆನ್ಸ್ ಎಂಬ ಸಹಾಯಕ, ಇಷ್ಟೇ ಮಂದಿ ಉಳಿದವರು. ಒಂದು ಗವಿಯ ಸುತ್ತ ಅವರು ವಿದ್ಯುತ್ ಹರಿಯುವ ತಂತಿಬೇಲಿಗಳನ್ನು ಕಟ್ಟಿ, ಗ್ಯಾಟ್ಲಿಂಗ್ ಯಂತ್ರಬಂದೂಕುಗಳನ್ನು ಹೂಡಿ, ಮದ್ದನ್ನು ಹುಗಿದು ಕಾಯುತ್ತಾರೆ. ಕತ್ತಲಲ್ಲಿ ಬಂದ ವೀರರು ತಂತಿಯನ್ನು ಮುಟ್ಟಿ ನಿಂತಲ್ಲೇ ಸಾಯುತ್ತಾರೆ. ಬೆಳಗಾಗುವಷ್ಟರಲ್ಲಿ ಸತ್ತವರು 25,000. ಹೆಣಗಳ ನಡುವೆ ಸಿಕ್ಕಿಬಿದ್ದ ಹುಡುಗರು ಆ ಕೊಳೆತ ಗಾಳಿಯಿಂದಲೇ ಕಾಯಿಲೆ ಬೀಳುತ್ತಾರೆ. ಗೆದ್ದವರಿಗೂ ಹೊರಕ್ಕೆ ದಾರಿಯಿಲ್ಲ.

ಇಲ್ಲಿಗೆ ಬಂದಾಗ ಮೊದಲ ಪುಟಗಳಿಗೆ ಒಮ್ಮೆ ಹಿಂದಿರುಗಿ ನೋಡಿ. ತಾನು ಕಲಿತದ್ದು ಕೋವಿ, ಪಿಸ್ತೂಲು, ಫಿರಂಗಿ ಮಾಡುವುದನ್ನೆಂದು ಹ್ಯಾಂಕ್ ಅಲ್ಲಿಯೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ನಾವು ಅದನ್ನು ಕೇಳಿಯೂ ಕೇಳದವರಂತೆ ಮುಂದೆ ಓದಿದೆವು. ಸಾಬೂನನ್ನೂ ಶಾಲೆಯನ್ನೂ ತಂದ ತಲೆಯೇ ಇದನ್ನೂ ತಂದಿತು. 1914ರ ಮಹಾಯುದ್ಧದ ಮುಳ್ಳುತಂತಿ ಮತ್ತು ಯಂತ್ರಬಂದೂಕುಗಳಿಗೆ 25 ವರ್ಷ ಮೊದಲೇ ಟ್ವೇನ್ ಇದನ್ನು ಬರೆದನೆಂಬುದನ್ನು ನೆನೆದರೆ ಮೈ ನಡುಗುತ್ತದೆ.

ಕೊನೆಗೆ ಗೆಲ್ಲುವವನು, ನಾವು ಅಷ್ಟೊಂದು ನಕ್ಕಿದ್ದ ಮರ್ಲಿನ್. ಅವನ ಮಂತ್ರದಿಂದ ಹ್ಯಾಂಕ್ ಹದಿಮೂರು ಶತಮಾನ ನಿದ್ರಿಸಿ ತನ್ನ ಕಾಲಕ್ಕೆ ಬಂದು ಸೇರುತ್ತಾನೆ. ಆದರೆ ಅವನು ಕೈಹಿಡಿದ ಸ್ಯಾಂಡಿ, ಅವರ ಪುಟ್ಟ ಮಗಳು, ಇಬ್ಬರೂ ಆ ದಡದಲ್ಲೇ ಉಳಿದರು. ಸಾಯುವ ಗಳಿಗೆಯಲ್ಲಿ ಅವನು ಕನವರಿಸುವುದು ಅವರನ್ನು. ಯಾವ ಕಾಲವನ್ನು ತಿದ್ದಲು ಹೋದನೋ ಅದೇ ಅವನ ಮನೆಯಾಗಿಬಿಟ್ಟಿತ್ತು.

1949ರಲ್ಲಿ ಬಿಂಗ್ ಕ್ರಾಸ್ಬಿ ನಟಿಸಿದ ಚಲನಚಿತ್ರ ಹಾಡು ನಗೆಗಳಲ್ಲೇ ಮುಗಿಯುತ್ತದೆ. ಆ ಗವಿಯ ಯುದ್ಧ ಅದರಲ್ಲಿಲ್ಲ. ಮಕ್ಕಳಿಗೆಂದು ಕತ್ತರಿಸಿದ ಪ್ರತಿಗಳಲ್ಲೂ ಬಹುಮಟ್ಟಿಗೆ ಗ್ರಹಣಕ್ಕೆ ದೊರೆಯುವಷ್ಟು ಜಾಗ ಕೊನೆಗೆ ದೊರೆಯುವುದಿಲ್ಲ. ಆದಕಾರಣ ನಿಮ್ಮಲ್ಲೊಂದು ಕೋರಿಕೆ: ಪೂರ್ಣ ಪ್ರತಿಯನ್ನೇ ಹುಡುಕಿ ಓದಿ. ಮನೆಯಲ್ಲಿ ದೊಡ್ಡ ಮಕ್ಕಳಿದ್ದರೆ ಅವರಿಗೂ ಓದಲು ಕೊಡಿ. ಓದಿ ಮುಗಿಸಿದ ಮೇಲೆ, ನಗು ನಿಂತದ್ದು ಯಾವ ಪುಟದಲ್ಲಿ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಎಲ್ಲರ ಪುಟವೂ ಒಂದೇ ಆಗಿರಲಾರದು. ಆ ಸಂಜೆಯ ಮಾತಿಗೆ ಅಷ್ಟು ಸಾಕು.