ಕಾರಿಗೆ ಗೇಟು, ಸೈಕಲ್ಲಿಗೆ ಹೊಳೆದಾರಿ!

ಒಂದು ಊರಿನ ಗುರುತು ಹೇಳುತ್ತೇನೆ, ಯಾವುದೆಂದು ಹೇಳಿ ನೋಡೋಣ. ಊರಿನ ಹೊಟ್ಟೆಯಲ್ಲೇ ಕಾಡು. ಕಾಡಿನ ನಡುವೆ ಹೊಳೆ. ಹೊಳೆ ಹೊರಳಿದ ಕಡೆಗೆಲ್ಲ ತಾನೂ ಹೊರಳುವ ನುಣುಪಾದ ಡಾಂಬರು ರಸ್ತೆ. ಆ ರಸ್ತೆಯಲ್ಲಿ ಒಂದೇ ಒಂದು ಕಾರಿಲ್ಲ! ಭಾನುವಾರ ಮಾತ್ರವಲ್ಲ, ಸೋಮವಾರ ಬೆಳಗಿನ ಆಫೀಸು ಹೊತ್ತಿನಲ್ಲೂ ಇಲ್ಲ!

ನೆದರ್ಲೆಂಡ್ಸ್ ಅಂದಿರಾ? ಅಲ್ಲ. ಡೆನ್ಮಾರ್ಕ್? ಅಲ್ಲವೇ ಅಲ್ಲ!

ಕಾರಿಲ್ಲದಿದ್ದರೆ ಹಾಲು ತರಲೂ ಆಗುವುದಿಲ್ಲ ಅಂತ ನಾವೆಲ್ಲ ಅಂದುಕೊಂಡಿರುವ ಅಮೆರಿಕ! ಅದೂ ರಾಜಧಾನಿ ವಾಷಿಂಗ್ಟನ್ ಡಿ.ಸಿ.! ಶ್ವೇತಭವನದ ಹತ್ತಿರ ಸೈಕಲ್ ಹತ್ತಿದರೆ ಅರ್ಧ, ಮುಕ್ಕಾಲು ಗಂಟೆಯಲ್ಲಿ ಅಲ್ಲಿರುತ್ತೀರಿ.

ಕಾಡಿನ ಹೆಸರು ರಾಕ್ ಕ್ರೀಕ್ ಪಾರ್ಕ್. ರಸ್ತೆಯ ಹೆಸರು ಬೀಚ್ ಡ್ರೈವ್.

ಪಾರ್ಕು ಅಂದ ತಕ್ಷಣ ಕಾರಂಜಿ, ಕಲ್ಲುಬೆಂಚು, ಕತ್ತರಿಸಿ ನಿಲ್ಲಿಸಿದ ಗಿಡ ನೆನಪಾಯಿತೇ? ಮರೆತುಬಿಡಿ. ಇದು 1,754 ಎಕರೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಂಥವು ಎರಡನ್ನು ಒಳಗಿಟ್ಟರೂ ಇನ್ನೂ ಜಾಗ ಮಿಗುತ್ತದೆ! ಓಕ್ ಮರಗಳು, ಬೀಚ್ ಮರಗಳು, ತುದಿ ನೋಡಲು ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಬೇಕಾದ ಟ್ಯುಲಿಪ್ ಪಾಪ್ಲರ್‌ಗಳು. ಜಿಂಕೆಗಳಿವೆ. ಕಾಗೆಯಷ್ಟು ದೊಡ್ಡದಾದ, ಕೆಂಪು ಜುಟ್ಟಿನ ಮರಕುಟಿಗವಿದೆ!

ವಯಸ್ಸೆಷ್ಟು ಗೊತ್ತೇ? ಯೊಸೆಮಿಟಿಯ ಹೆಸರು ಕೇಳಿರುತ್ತೀರಿ, ಜಗತ್ತೇ ಹೋಗಿ ನೋಡುವ ರಾಷ್ಟ್ರೀಯ ಉದ್ಯಾನ. ಅದು ಹುಟ್ಟಿದ್ದು 1890ರ ಅಕ್ಟೋಬರ್ 1ರಂದು. ರಾಕ್ ಕ್ರೀಕ್ ಪಾರ್ಕ್ ಅದೇ ವರ್ಷದ ಸೆಪ್ಟೆಂಬರ್ 27ರಂದು! ನಾಲ್ಕು ದಿನಕ್ಕೆ ದೊಡ್ಡದು!

ಇನ್ನು ರಸ್ತೆಯ ಕಥೆ. ನನಗೆ ಎಲ್ಲಕ್ಕಿಂತ ರೋಮಾಂಚನ ತಂದದ್ದು ಇದೇ. ಬೀಚ್ ಡ್ರೈವ್ ಕೆಲಸ ಶುರುವಾದದ್ದು 1897ರಲ್ಲಿ. ಆಗ ಕಾರುಗಳೆಲ್ಲಿದ್ದವು? ಕುದುರೆಗಾಡಿಯವರು, ನಡೆಯುವವರು, ಸೈಕಲ್ಲಿನವರು ಓಡಾಡಲೆಂದೇ ಆದ ದಾರಿ ಇದು! ಕಾರುಗಳು ಬಂದದ್ದು ಆಮೇಲೆ. ಬಂದವು, ಹೆಚ್ಚಿದವು, ದಾರಿಯನ್ನೇ ತಮ್ಮದು ಮಾಡಿಕೊಂಡವು. ವಾರಾಂತ್ಯದಲ್ಲಿ ಮಾತ್ರ, ಶನಿವಾರ ಬೆಳಿಗ್ಗೆ 7ರಿಂದ ಭಾನುವಾರ ಸಂಜೆ 7ರವರೆಗೆ, ಮೇಲ್ಭಾಗದ ಗೇಟು ಹಾಕುವ ರೂಢಿ ದಶಕಗಳ ಕಾಲ ನಡೆದುಬಂತು.

2016ರಿಂದ ಮೂರು ವರ್ಷ ರಸ್ತೆಯನ್ನು ಕಿತ್ತು ಹೊಸದಾಗಿ ಕಟ್ಟಿದರು. 2019ರಲ್ಲಿ ಕೆಲಸ ಮುಗಿಯಿತು. ಕಾರುಗಳು ಹೊಸ ಡಾಂಬರಿನ ಮೇಲೆ ಒಂದು ವರ್ಷವೂ ಓಡಲಿಲ್ಲ. 2020ರ ಏಪ್ರಿಲ್, ಕೋವಿಡ್! ಜನ ದೂರ ದೂರ ನಿಂತು ಉಸಿರಾಡಲಿ ಎಂದು ವಾರದ ದಿನಗಳಲ್ಲೂ ಗೇಟು ಬಿತ್ತು.

ಆಮೇಲೆ ತೆರೆದರೇ? ಊಹಿಸಿ.

ತೆರೆಯಲಿಲ್ಲ! ಅಜ್ಜಿಯರು ನಡೆಯತೊಡಗಿದ್ದರು, ಮಕ್ಕಳು ಸೈಕಲ್ ಕಲಿಯತೊಡಗಿದ್ದರು, ಗಾಲಿಕುರ್ಚಿಗಳು ರಸ್ತೆಯ ನಟ್ಟನಡುವೆ ಸಾಗತೊಡಗಿದ್ದವು. ರಾಷ್ಟ್ರೀಯ ಉದ್ಯಾನ ಇಲಾಖೆ 2022ರಲ್ಲಿ ತೀರ್ಮಾನ ಹೇಳಿತು: ಮೇಲಿನ ಬೀಚ್ ಡ್ರೈವ್‌ಗೆ ವರ್ಷಪೂರ್ತಿ ಕಾರು ಬೇಡ. ಒಂದು ರಾಜಧಾನಿಯಲ್ಲಿ, ಹೊಚ್ಚಹೊಸ ರಸ್ತೆಯ ಮೇಲೆ, ಇಂಥ ತೀರ್ಮಾನ! ಇದಕ್ಕಿಂತ ದೊಡ್ಡ ಸುದ್ದಿ ಸೈಕಲ್ ತುಳಿಯುವವರಿಗೆ ಇನ್ನೇನು ಬೇಕು ಹೇಳಿ!

ಒಂದು ಮಾತು ನೆನಪಿಡಿ. ಕಾರಿಲ್ಲದ ದಾರಿ ಒಂದೇ ಉದ್ದಕ್ಕಿಲ್ಲ, ಮೂರು ತುಂಡಾಗಿದೆ. ನಡುವಿನ ಭಾಗಗಳಲ್ಲಿ ಕಾರುಗಳು ಬರುತ್ತವೆ, ಹುಷಾರು. ಬ್ರಾಡ್ ಬ್ರಾಂಚ್ ರಸ್ತೆ ಸೇರುವಲ್ಲಿಂದ ಶುರುವಾಗುವ ತುಂಡು ಇದೆಯಲ್ಲ, ನನ್ನ ಕಣ್ಣಿಗೆ ಅದೇ ಚಿನ್ನ.

ಗೇಟು ದಾಟಿದಿರಿ. ಉತ್ತರಕ್ಕೆ, ಹೊಳೆಗೆ ಎದುರಾಗಿ ಪೆಡಲ್ ತುಳಿಯುತ್ತಿದ್ದೀರಿ. ಬಂಡೆಗಳ ಸಂದಿಯಲ್ಲಿ ನುಗ್ಗುವ ನೀರು ಪೂರ್ತಿ ಕೇಳಿಸುತ್ತದೆ! ಬೌಲ್ಡರ್ ಬ್ರಿಡ್ಜ್ ಬಂತು. ಇಳಿಯಿರಿ, ತಪ್ಪದೆ ಇಳಿಯಿರಿ! 1902ರ ಕಮಾನು ಸೇತುವೆ. ಒಳಗೆ ಕಾಂಕ್ರೀಟು, ಹೊರಗೆ ಒಂದೊಂದೂ ಉಬ್ಬಿ ನಿಂತ ಗುಂಡುಕಲ್ಲುಗಳು. ಕೈಯಿಟ್ಟು ನೋಡಿ. ಒರಟು. ಸಂದಿನಲ್ಲಿ ಪಾಚಿ. ಮನುಷ್ಯ ಕಟ್ಟಿದ್ದೋ, ಹೊಳೆಯೇ ಪೇರಿಸಿದ್ದೋ ಅನ್ನಿಸಬೇಕು, ಹಾಗಿದೆ! ಇನ್ನೂ ಮುಂದೆ ಹೋದರೆ ಮಿಲಿಟರಿ ರೋಡ್ ತಲೆಯ ಮೇಲೆ ಸೇತುವೆಯಾಗಿ ಹಾಯುತ್ತದೆ. ಮೇಲೆ ಇಡೀ ನಗರದ ಗಡಿಬಿಡಿ, ಕೆಳಗೆ ನೀವು!

ಈ ಕಣಿವೆಗೆ ಹುಚ್ಚು ಹಿಡಿಸಿಕೊಂಡವರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಒಬ್ಬರು. ರಾಯಭಾರಿಗಳನ್ನೂ ಬಿಡದೆ ಕರೆದೊಯ್ದು ಬಂಡೆ ಹತ್ತಿಸುತ್ತಿದ್ದರು! ಫ್ರಾನ್ಸಿನ ರಾಯಭಾರಿ ಜ್ಯೂಲ್ ಜ್ಯುಸೆರಾಂ ಅವರ ಕಾಯಂ ಜೊತೆಗಾರ. ಒಮ್ಮೆ ಎಲ್ಲರೂ ಬಟ್ಟೆ ಕಳಚಿ ಪೊಟೊಮ್ಯಾಕ್ ನದಿ ಈಜಲು ಹೊರಟಾಗ ಈ ಮಹಾಶಯರು ಕೈಗವಸು ಮಾತ್ರ ತೆಗೆಯಲಿಲ್ಲವಂತೆ. ದಾರಿಯಲ್ಲಿ ಹೆಂಗಸರು ಸಿಕ್ಕರೆ ಮರ್ಯಾದೆ ಬೇಡವೇ! ಜ್ಯುಸೆರಾಂ ನೆನಪಿನ ಗ್ರಾನೈಟ್ ಆಸನ ಪಿಯರ್ಸ್ ಮಿಲ್ ಎಂಬ ಹಳೆಯ ಹಿಟ್ಟಿನ ಗಿರಣಿಯ ದಕ್ಷಿಣಕ್ಕೆ ಇದೆ.

ಇಷ್ಟಕ್ಕೇ ಬೆರಗಾದಿರಾ? ದೊಡ್ಡದನ್ನು ಇನ್ನೂ ಹೇಳಿಲ್ಲ. ದೊಡ್ಡದು ಅಂದೆ, ಆದರೆ ಉದ್ದ ಒಂದು ಸೆಂಟಿಮೀಟರಿನಷ್ಟೇ!

ಈ ಕಣಿವೆಯ ನೆಲದಡಿಯ ನೀರಿನಲ್ಲಿ ಸಿಗಡಿಯ ದೂರದ ಸಂಬಂಧಿಯೊಂದಿದೆ: ಹೇಸ್ ಸ್ಪ್ರಿಂಗ್ ಆಂಫಿಪಾಡ್. ಕಣ್ಣಿಲ್ಲ! ಬಣ್ಣವಿಲ್ಲ! ಬೆಳಕೇ ಕಾಣದ ಬದುಕಿಗೆ ಅವೆರಡೂ ಏಕೆ? ಮೊದಲು ಸಿಕ್ಕಿದ್ದೆಲ್ಲಿ? ರಾಷ್ಟ್ರೀಯ ಮೃಗಾಲಯದ ಆವರಣದ ಒರತೆಯಲ್ಲಿ! ಜನ ಆನೆ, ಪಾಂಡಾ ನೋಡಲು ಬರುವ ಜಾಗದಲ್ಲಿ, ನೆಲದಡಿ ಇಂಥ ಅಪರೂಪ! 1982ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ನೀವು ಸೈಕಲ್ ತುಳಿಯುವ ಕಣಿವೆಯ ಒರತೆಗಳಲ್ಲಿ, ಎಲೆಗೊಬ್ಬರದ ಕೆಳಗೆ, ಅದು ತೆವಳುತ್ತಿದೆ!

ವಸಂತದಲ್ಲಿ ಹೋದರೆ ಇನ್ನೂ ಒಂದಿದೆ. ಅಟ್ಲಾಂಟಿಕ್ ಸಾಗರದಿಂದ ಚೆಸಪೀಕ್ ಕೊಲ್ಲಿಗೆ, ಅಲ್ಲಿಂದ ಪೊಟೊಮ್ಯಾಕ್‌ಗೆ, ಅಲ್ಲಿಂದ ಈ ಪುಟ್ಟ ಹೊಳೆಗೆ ಹೆರಿಂಗ್ ಮೀನುಗಳು ಮೊಟ್ಟೆಯಿಡಲು ಹತ್ತಿ ಬರುತ್ತವೆ! ಗಿರಣಿಯ ಬಳಿ ಬರೀ ಅಂದಕ್ಕೆಂದು ಕಟ್ಟಿದ ಒಡ್ಡು ಒಂದು ಶತಮಾನ ಅಡ್ಡ ನಿಂತಿತ್ತು. ಒಡ್ಡಿನ ಪಕ್ಕ ಮೀನಿಗೊಂದು ಏಣಿ ಕಟ್ಟಿಕೊಟ್ಟಿದ್ದಾರೆ. ಹೌದು, ಮೀನಿಗೆ ಏಣಿ! ನೀರಿನೊಳಗಿನ ಮೆಟ್ಟಿಲು! ನೀವು ಮಾತ್ರ ನೀರಿಗಿಳಿಯಬೇಡಿ. ಮಳೆ ಬಂದರೆ ಚರಂಡಿ ನೀರು ಸೇರುವ ಹೊಳೆ ಇದು, ಇಳಿಯುವುದು ಕಾನೂನಿಗೂ ವಿರುದ್ಧ.

ಮಗನೋ ಮಗಳೋ ಮೇರಿಲ್ಯಾಂಡ್, ವರ್ಜೀನಿಯಾ ಕಡೆ ಇದ್ದು, ನೀವು ಅಲ್ಲಿಗೆ ಹೋಗುವವರಿದ್ದೀರಾ? ಮಾಲ್ ಸುತ್ತುವುದನ್ನು ಒಂದು ದಿನ ಮುಂದೂಡಿ. ಮೆಟ್ರೋದ ರೆಡ್ ಲೈನ್‌ನಲ್ಲಿ ವ್ಯಾನ್ ನೆಸ್ ನಿಲ್ದಾಣಕ್ಕೆ ಹೋಗಿ, ಕ್ಯಾಪಿಟಲ್ ಬೈಕ್‌ಶೇರ್‌ನ ಕೆಂಪು ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ಟಿಲ್ಡನ್ ಸ್ಟ್ರೀಟ್ ಇಳಿಜಾರು ನೇರ ಗಿರಣಿಗೇ ತಂದುಬಿಡುತ್ತದೆ. ಅಲ್ಲಿಂದ ಹೊಳೆಯ ಪಕ್ಕದ ಕಾಲುದಾರಿ ಹಿಡಿದು ಉತ್ತರಕ್ಕೆ ಸ್ವಲ್ಪ ಹೋದರೆ ಗೇಟು. ಬೆಳಿಗ್ಗೆ ಬೇಗ ಹೋಗಿ. ವುಡ್ ಥ್ರಷ್ ಹಕ್ಕಿ ಹಾಡುವುದು ಆಗಲೇ!