ನೀಲಗಿರಿಯ ಜೌಗುಮಣ್ಣು ನುಡಿಯುವ ಸಾಕ್ಷ್ಯ

ಮರವಿಲ್ಲದ ನೆಲವನ್ನು ಕಂಡೊಡನೆ ಅಲ್ಲಿ ಸಸಿ ನೆಡಬೇಕೆಂಬ ಉತ್ಸಾಹವು ನಮ್ಮ ಸರ್ಕಾರಗಳಿಗೂ ಸಾರ್ವಜನಿಕ ಸಂಘಗಳಿಗೂ ಸಮಾನವಾಗಿ ಅಂಟಿಕೊಂಡಿದೆ. ಉದ್ದೇಶವು ಒಳ್ಳೆಯದೇ, ಆದರೆ ಆ ನೆಲದಲ್ಲಿ ಹಿಂದೆಂದಾದರೂ ಕಾಡಿದ್ದಿತೇ ಎಂದು ವಿಚಾರಿಸುವವರು ವಿರಳ. ವಿಚಾರಿಸದೆ ನಡೆದುದರ ಫಲವನ್ನು ನೀಲಗಿರಿಯಲ್ಲಿ ಕಾಣಬಹುದು.

ಆ ಬೆಟ್ಟಗಳ ಮೇಲುಭಾಗದಲ್ಲಿ ಗುಡ್ಡದ ಇಳಿಜಾರುಗಳ ಮೇಲೆ ಹುಲ್ಲೂ, ಕಣಿವೆಗಳ ಮಡಿಲಲ್ಲಿ ಶೋಲಾ ಎಂಬ ಗಿಡ್ಡಮರಗಳ ದಟ್ಟ ಕಾಡೂ ಅಕ್ಕಪಕ್ಕದಲ್ಲಿಯೇ ಇವೆ. ಆಂಗ್ಲ ಅಧಿಕಾರಿಗಳಲ್ಲಿ ಅನೇಕರಿಗೆ ಈ ಹುಲ್ಲುಗಾವಲು, ಕಾಡನ್ನು ಕಡಿದು ಸುಟ್ಟುದರಿಂದ ಉಂಟಾದ ಪಾಳುನೆಲವಾಗಿ ಕಂಡಿತು. ಎಮ್ಮೆ ಮೇಯಿಸುತ್ತ ಕಾಲಕಾಲಕ್ಕೆ ಹುಲ್ಲಿಗೆ ಬೆಂಕಿಯಿಡುತ್ತಿದ್ದ ತೋಡರ ತಲೆಗೆ ದೋಷವು ಕಟ್ಟಲ್ಪಟ್ಟಿತು. 1840ರ ದಶಕದ ಹೊತ್ತಿಗೆ ಆಸ್ಟ್ರೇಲಿಯಾದ ಯೂಕಲಿಪ್ಟಸ್ ಅಲ್ಲಿಗೆ ಬಂದಿತು; ವಾಟಲ್ ಮರವೂ ಬಂದಿತು. ಕನ್ನಡಿಗರಾದ ನಾವು ಯೂಕಲಿಪ್ಟಸನ್ನು ‘ನೀಲಗಿರಿ’ ಎಂದೇ ಕರೆಯುತ್ತೇವೆ. ಬೆಟ್ಟದ ನೆಲದೊಡನೆ ಅದರ ಹೆಸರನ್ನೂ ಪರದೇಶದ ಮರಕ್ಕೆ ಒಪ್ಪಿಸಿಬಿಟ್ಟಂತಾಯಿತು. ಸ್ವಾತಂತ್ರ್ಯ ಬಂದ ಮೇಲಾದರೂ ಈ ಕ್ರಮವು ನಿಂತಿತೇ? ಇಲ್ಲ. ಚರ್ಮ ಹದಮಾಡುವ ತೊಗಟೆಗಾಗಿಯೂ ಕೃತಕ ರೇಷ್ಮೆಯ ತಿರುಳಿಗಾಗಿಯೂ ನೆಡುತೋಪುಗಳು ಇನ್ನಷ್ಟು ವಿಸ್ತರಿಸಿದುವು. ವರೆಯಾಡೆಂಬ ಕಾಡುಮೇಕೆಗೆ ಮೇವೂ ನೆಲೆಯೂ ಆಗಿದ್ದ ಹುಲ್ಲು ಕುಗ್ಗುತ್ತ ಬಂದಿತು.

1993ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರೂ ಅವರ ಸಂಗಡಿಗರೂ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಶೋಧನೆಯು ಈ ಪಾಳುನೆಲದ ವಾದವನ್ನು ಬುಡಮೇಲು ಮಾಡಿತು. ನೀಲಗಿರಿಯ ಜೌಗುಗಳಲ್ಲಿ ಬಿದ್ದ ಎಲೆ, ಹುಲ್ಲು, ಬೇರುಗಳು ಪೂರ್ತಿಯಾಗಿ ಕೊಳೆಯದೆ ಪದರಪದರವಾಗಿ ಕೂಡಿ ಪೀಟ್ ಎಂಬ ಕರಿಯ ಮಣ್ಣಾಗುತ್ತವೆ. ಇಂಗಾಲದಲ್ಲಿ ಹಗುರವಾದುದೊಂದು, ತುಸು ಭಾರವಾದುದೊಂದು ಬಗೆಯುಂಟು. ಉಷ್ಣದೇಶದ ಹುಲ್ಲುಗಳಲ್ಲಿ ಈ ಭಾರದ ಬಗೆಯು ಮರಗಳಲ್ಲಿರುವುದಕ್ಕಿಂತ ಹೆಚ್ಚು. ಆದುದರಿಂದ ಪದರದ ವಯಸ್ಸನ್ನು ನಿರ್ಣಯಿಸಿ ಇಂಗಾಲವನ್ನು ಅಳೆದರೆ, ಆ ಕಾಲದಲ್ಲಿ ಸುತ್ತಲೂ ಹುಲ್ಲು ಹೆಚ್ಚಿತ್ತೋ ಮರ ಹೆಚ್ಚಿತ್ತೋ ತಿಳಿಯುತ್ತದೆ. ಅಳೆದಾಗ ತಿಳಿದುದೇನು? ಸುಮಾರು 20,000 ವರ್ಷಗಳ ಹಿಂದೆ, ಬೇಸಾಯವೆಂಬುದೇ ಲೋಕದಲ್ಲಿ ಹುಟ್ಟದಿದ್ದಾಗ, ಅಲ್ಲಿ ಹುಲ್ಲು ಹರಡಿತ್ತು. ಆಮೇಲೆ ಮುಂಗಾರು ಬಲಿತಾಗ ಮರಗಳು ಮುಂದುವರಿದುವು; ಒಣಗಾಲ ಮರಳಿದಾಗ ಹಿಂಜರಿದುವು. ತೋಡರ ಬೆಂಕಿಯಿಂದ ಏನೂ ವ್ಯತ್ಯಾಸವಾಗಲಿಲ್ಲವೆಂದು ನಾವು ಹೇಳುವುದಿಲ್ಲ. ಹುಲ್ಲುಗಾವಲು ಅದರಿಂದ ಹುಟ್ಟಿದುದಲ್ಲವೆಂಬುದಂತೂ ಸ್ಪಷ್ಟ.

ಹಾಗೆಂದು ಎಲ್ಲ ವಾಟಲ್ ಮರಗಳನ್ನೂ ಒಂದೇ ಸಲಕ್ಕೆ ಕಡಿದುಹಾಕಬೇಕೆಂದೂ ಇದರಿಂದ ಸಿದ್ಧವಾಗದು. ಹಳೆಯ ತೋಪುಗಳ ನೆರಳಿನಲ್ಲಿ ಕೆಲವೆಡೆ ಶೋಲಾ ಸಸಿಗಳು ಚಿಗುರಿವೆ. ಕಡಿದ ಕಡೆ ನೆಲದಲ್ಲಡಗಿದ್ದ ವಾಟಲ್ ಬೀಜವು ಮತ್ತೆ ಮೊಳೆತು ಪೊದೆಗಟ್ಟುತ್ತದೆ. ಇಂತಿಂಥ ವರ್ಷದಲ್ಲಿದ್ದ ಸ್ಥಿತಿಗೇ ನೆಲವನ್ನು ಮರಳಿಸಬೇಕೆಂಬ ಹಟವನ್ನೂ ಈ ಮಣ್ಣು ಪೋಷಿಸುವುದಿಲ್ಲ. ಕಾಡು ಹುಲ್ಲುಗಳ ಎಲ್ಲೆಯು ಸದಾ ಚಲಿಸುತ್ತಿದ್ದುದನ್ನೇ ಅದು ತೋರಿಸುತ್ತದೆ. ಉಳಿದಿರುವ ಹುಲ್ಲನ್ನು ಮೊದಲು ಕಾಯುವುದು, ವಾಟಲ್ ಹೊಸದಾಗಿ ನುಗ್ಗುತ್ತಿರುವೆಡೆ ಎಳೆಯದರಲ್ಲಿಯೇ ಕೀಳುವುದು, ಇವೆರಡು ಯುಕ್ತವೆಂದು ನಮಗೆ ತೋರುತ್ತದೆ.

ನಮ್ಮ ಕುದುರೆಮುಖದಲ್ಲಿಯೂ ಬಾಬಾಬುಡನ್‌ಗಿರಿಯಲ್ಲಿಯೂ ಶೋಲಾ ಹುಲ್ಲುಗಾವಲುಗಳುಂಟು. ನೀಲಗಿರಿಯ ತೀರ್ಪನ್ನು ಅಲ್ಲಿಗೆ ಹಾಗೆಯೇ ಹೊರಿಸುವುದು ನ್ಯಾಯವಲ್ಲ. ಅಲ್ಲಿಯ ಪೂರ್ವೋತ್ತರವನ್ನು ಅಲ್ಲಿಯ ಮಣ್ಣನ್ನೇ ಕೇಳಬೇಕು. ಸಸಿಗುಂಡಿ ತೋಡುವ ಅಂದಾಜುಪಟ್ಟಿಗೆ ಮಂಜೂರಾತಿ ಕೊಡುವ ಅಧಿಕಾರಿಯು ಈ ವಿಚಾರಣೆಯ ವರದಿಯನ್ನು ಮೊದಲು ತರಿಸಿಕೊಳ್ಳಲಿ.

ಕೇಳುವುದಕ್ಕೆ ಅವಕಾಶವೂ ಕಿರಿದಾಗುತ್ತಿದೆ. ನೀಲಗಿರಿಯಲ್ಲಿ ಹಲವು ಜೌಗುಕಣಿವೆಗಳು ವಿದ್ಯುತ್ತಿನ ಜಲಾಶಯಗಳಡಿ ಮುಳುಗಿವೆ. ಮತ್ತೆ ಕೆಲವನ್ನು ಬಸಿದು ಆಲೂಗೆಡ್ಡೆ, ಕ್ಯಾರೆಟ್ ಬೆಳೆಯುತ್ತಿದ್ದಾರೆ. ನೀರಿಂಗಿದ ಪೀಟಿಗೆ ಗಾಳಿ ತಾಕಿದರೆ ಅದು ಬೇಗನೆ ಕೊಳೆತುಹೋಗುತ್ತದೆ.