ಪ್ರತಿಧ್ವನಿಯನ್ನು ನುಂಗುವ ಚಿಪ್

ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಬಿಗಿದು, ಇನ್ನೊಂದು ತುದಿ ಹಿಡಿದು ಒಮ್ಮೆ ಜಾಡಿಸಿ. ಎದ್ದ ಅಲೆ ಕಂಬದವರೆಗೆ ಓಡಿ ನಿಮ್ಮ ಕೈಗೇ ಮರಳುತ್ತದೆ. ಅಲೆಗಳ ಪಾಠದಲ್ಲಿ ಇದನ್ನು ತೋರಿಸುವ ನಾವು, ವಿದ್ಯುತ್ ಮಂಡಲಗಳ ಪಾಠಕ್ಕೆ ಬಂದೊಡನೆ ಮರೆತುಬಿಡುತ್ತೇವೆ. ತಂತಿಯ ಒಂದು ತುದಿಗೆ ವೋಲ್ಟೇಜು ಕೊಟ್ಟರೆ ಆ ಕ್ಷಣವೇ ಇನ್ನೊಂದು ತುದಿ ತಲಪಿತೆಂದು ಲೆಕ್ಕ ಹಾಕುತ್ತೇವೆ. ವಾಸ್ತವವಾಗಿ ಕೇಬಲ್ಲಿನಲ್ಲಿ ಒಂದು ಮೀಟರ್ ಸಾಗಲು ಸಂಕೇತಕ್ಕೆ ಸುಮಾರು 5 ನ್ಯಾನೊಸೆಕೆಂಡ್ ಬೇಕು. ತುದಿ ತೆರೆದಿದ್ದರೆ ಅದು ಅಲ್ಲಿಂದ ಹಿಂದಿರುಗುತ್ತದೆ.

1986ರಲ್ಲಿ ಅಮೆರಿಕದ ಮಾನಕವಾದ ‘ಸ್ಕಜಿ’ ಬಸ್ಸನ್ನೇ ನೋಡಿ. ಬಸ್ ಎಂದರೆ ಕಂಪ್ಯೂಟರ್, ಹಾರ್ಡ್ ಡಿಸ್ಕ್ ಮೊದಲಾದವು ಹಂಚಿಕೊಳ್ಳುವ ತಂತಿಗಳ ಸಾಲು. ಇದರಲ್ಲಿ ಸಂಕೇತ ತಂತಿಗಳು 18: ಎಂಟು ದತ್ತಾಂಶಕ್ಕೆ, ಒಂದು ಪ್ಯಾರಿಟಿಗೆ, ಒಂಬತ್ತು ನಿಯಂತ್ರಣಕ್ಕೆ. ಕೇಬಲ್ 6 ಮೀಟರ್‌ವರೆಗೆ ಇರಬಹುದು. ‘ಬೈಟ್ ಇಟ್ಟಿದ್ದೇನೆ, ತೆಗೆದುಕೋ’ ಎಂದು ಹೇಳುವುದೂ ಒಂದು ತಂತಿಯೇ. ಮರಳಿದ ಅಲೆ ಆ ತಂತಿಯ ವೋಲ್ಟೇಜನ್ನು ಕಲಕಿದರೆ, ಎದುರಿನ ಸಾಧನ ಒಂದು ಸಂಕೇತವನ್ನು ಎರಡೆಂದು ಎಣಿಸಬಹುದು. ಒಂದೇ ಬೈಟ್ ಎರಡು ಸಲ ದಾಖಲಾಗುತ್ತದೆ. ಬೈಟಿನಲ್ಲಿ ತಪ್ಪಿಲ್ಲವಾದ್ದರಿಂದ ಪ್ಯಾರಿಟಿ ಪರೀಕ್ಷೆಗೂ ಅದು ಸಿಕ್ಕದು!

ಕೇಬಲ್ಲಿನ ಲಕ್ಷಣ ಪ್ರತಿಬಾಧೆಗೆ ಸಮನಾದ ರೋಧವನ್ನು ಎರಡೂ ತುದಿಗಳಲ್ಲಿ ಇಟ್ಟರೆ ಅಲೆ ಅಲ್ಲೇ ಹೀರಲ್ಪಡುತ್ತದೆ. ಈ ‘ಟರ್ಮಿನೇಟರ್’ ಮೊದಲಿಗೆ ಬರಿಯ ರೋಧಕಗಳ ಜೋಡಿಯಾಗಿತ್ತು: ಪ್ರತಿ ತಂತಿಯಿಂದ 5 ವೋಲ್ಟ್ ಕಡೆಗೆ 220 ಓಮ್, ಭೂಸಂಪರ್ಕದ ಕಡೆಗೆ 330 ಓಮ್. ಥೆವೆನಿನ್ ಪ್ರಮೇಯ ಅನ್ವಯಿಸಿ. ತಂತಿಯನ್ನು 132 ಓಮ್ ಮೂಲಕ 3 ವೋಲ್ಟಿಗೆ ಜೋಡಿಸಿದಂತಾಯಿತು. ಆದರೆ ದೂರದ ತುದಿಯಲ್ಲಿ 5 ವೋಲ್ಟ್ ಕುಸಿದು 4.25 ಆದರೆ, 3 ವೋಲ್ಟ್ ಕೂಡ 2.55ಕ್ಕೆ ಇಳಿಯುತ್ತದೆ. ಜೊತೆಗೆ ಬಸ್ಸು ಸುಮ್ಮನಿದ್ದಾಗಲೂ ಪ್ರತಿ ಜೋಡಿಯಲ್ಲಿ 9 ಮಿಲಿಆಂಪಿಯರ್ ಹರಿಯುತ್ತಿರುತ್ತದೆ. 18 ತಂತಿಗಳಿಗೆ ಸುಮಾರು 0.8 ವಾಟ್ ವ್ಯರ್ಥ ಶಾಖ.

ಸಕ್ರಿಯ ಟರ್ಮಿನೇಟರ್ ಚಿಪ್ಪಿನೊಳಗೆ ವೋಲ್ಟೇಜ್ ನಿಯಂತ್ರಕವೊಂದಿದೆ. ಪೂರೈಕೆ ಏರಿಳಿದರೂ ಅದು 2.85 ವೋಲ್ಟನ್ನು ಸ್ಥಿರವಾಗಿ ಹಿಡಿದಿರುತ್ತದೆ. ಅಲ್ಲಿಂದ ಪ್ರತಿ ತಂತಿಗೆ 110 ಓಮ್. ಈ ಅಂಕಿಗಳು ಎಲ್ಲಿಂದ ಬಂದವು? ಸಂಕೇತ ಕಳಿಸುವ ಟ್ರಾನ್ಸಿಸ್ಟರ್ ತಂತಿಯನ್ನು 0.2 ವೋಲ್ಟಿಗೆ ಎಳೆದಾಗ ಒಂದು ತುದಿಯಿಂದ 24 ಮಿಲಿಆಂಪಿಯರ್ ಬರುತ್ತದೆ, ಎರಡು ತುದಿಗಳಿಂದ 48. ಆ ಟ್ರಾನ್ಸಿಸ್ಟರಿಗೆ ಮಾನಕ ಗೊತ್ತುಪಡಿಸಿದ ಹೊರೆ ಇಷ್ಟೇ. ನಡುವಿನ ಸಾಧನದಲ್ಲಿ ಮೂರನೆಯ ಟರ್ಮಿನೇಟರ್ ಉಳಿದರೆ ಹೊರೆ 72 ಆಗುತ್ತದೆ. ಆದ್ದರಿಂದಲೇ ಯೂನಿಟ್ರೋಡ್ ಕಂಪನಿಯ ಯುಸಿ5601ರಂಥ ಚಿಪ್‌ಗಳಲ್ಲಿ, ಎಲ್ಲ 18 ರೋಧಕಗಳನ್ನೂ ಒಂದೇ ಸಂಕೇತದಿಂದ ಕಳಚುವ ಏರ್ಪಾಡಿತ್ತು. ಸಾಧನವನ್ನು ಬಿಚ್ಚಿ ರೋಧಕಗಳನ್ನು ಕೈಯಿಂದ ಕೀಳುವ ಕಷ್ಟ ತಪ್ಪಿತು.

ಡಿಸ್ಕ್‌ಗಳ ಸಮಾಂತರ ಬಸ್ಸಿನ ಜಾಗಕ್ಕೆ ಈಗ ಸರಣಿ ಸಂಪರ್ಕಗಳು ಬಂದಿವೆ. ಮೆಮೊರಿಯ ಬಸ್ಸು ಮಾತ್ರ ಇನ್ನೂ ಸಮಾಂತರವೇ. ಡಿಡಿಆರ್2 ಕಾಲದಿಂದ ಈ ರೋಧಕಗಳು ಮೆಮೊರಿ ಚಿಪ್ಪಿನೊಳಗೇ ಸೇರಿವೆ.

ನಿಮ್ಮ ಕಾಲೇಜಿನಲ್ಲಿ ಆಸಿಲೋಸ್ಕೋಪ್ ಮತ್ತು ಸ್ಪಂದ ಜನಕ ಇದ್ದರೆ, 50 ಓಮ್‌ನ 10 ಮೀಟರ್ ಏಕಾಕ್ಷ ಕೇಬಲ್ಲಿಗೆ ಕಿರು ಸ್ಪಂದವೊಂದನ್ನು ಕೊಡಿ. ಸುಮಾರು 100 ನ್ಯಾನೊಸೆಕೆಂಡ್ ಬಳಿಕ ಅದು ಮರಳುವುದು ಕಾಣುತ್ತದೆ. ದೂರದ ತುದಿಯನ್ನು ಹ್ರಸ್ವಗೊಳಿಸಿದರೆ ತಲೆಕೆಳಗಾಗಿ ಬರುತ್ತದೆ. ಅಲ್ಲಿ 50 ಓಮ್ ರೋಧಕ ಜೋಡಿಸಿದರೆ ಪರದೆಯ ಮೇಲೆ ಮೊದಲ ಸ್ಪಂದವೊಂದೇ ಉಳಿಯುತ್ತದೆ.